ಬೀಜದ ಹೋತ: ಕೃಷ್ಣಾ ಸೀಮೆಯಲ್ಲಿ ತಳಿಯ ಆಯ್ಕೆಯ ಚರಿತ್ರೆ

ಕುರಿ, ಆಡು, ಟಗರು, ಹೋತ ಎಂಬ ನಾಲ್ಕು ಶಬ್ದಗಳು ಕನ್ನಡ ನುಡಿಯ ತಾಯಿಬೇರಿಗೆ ಸೇರಿದವು. ಕುರಿಯೆಂಬಲ್ಲಿ ಹಿಂದೆ ಶಕಟರೇಫವಿದ್ದಿತು; ಹಳಗನ್ನಡದ ತಗರ್ ನಮ್ಮ ಕಾಲಕ್ಕೆ ಟಗರಾಗಿ ನಿಂತಿದೆ; ಹೋತನಿಗೆ ಹೋಂತ, ಹೋತು ಎಂಬ ರೂಪಗಳೂ ನಿಘಂಟಿನಲ್ಲಿ ದೊರೆಯುತ್ತವೆ. ಮೈಸೂರು ಸೀಮೆಯವರು ಮೇಕೆಯೆನ್ನುವುದನ್ನು ಬೆಳಗಾವಿ ಸೀಮೆಯವರು ಆಡು ಎನ್ನುತ್ತಾರೆ. ತಳಿ ಎಂಬ ಮಾತಿನ ಗತಿ ಬೇರೆ. ಚಿಗುರುವುದು, ಕುಡಿಯೊಡೆಯುವುದು ಎಂಬ ಅರ್ಥದ ನೆರೆಯಲ್ಲಿರುವ ಈ ಶಬ್ದ ಇಂದು ಇಲಾಖೆಯ ಕಾಗದಗಳಲ್ಲಿಯೂ ಪುಸ್ತಕಗಳಲ್ಲಿಯೂ ಹೆಚ್ಚಾಗಿ ಓಡಾಡುತ್ತದೆ. ಹಟ್ಟಿಯ ಕುರುಬನು ಕೇಳುವುದು ‘ಬೀಜ ಯಾವುದು’ ಎಂದು. ಹಿಂಡಿಗೆ ಬಿಡುವ ಗಂಡು ಬೀಜದ ಹೋತ, ಬೀಜದ ಟಗರು. ಬೀಜವೆಂದೊಡನೆ ನೆಲದ ಪ್ರಶ್ನೆ ತಾನಾಗಿಯೇ ಬರುತ್ತದೆ: ಯಾವ ನೆಲಕ್ಕೆ, ಯಾವ ಮಳೆಗೆ, ಯಾವ ಮೇವಿಗೆ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಮೇಯುವ ಹಿಂಡುಗಳ ತಳಿಯನ್ನು ಆರಿಸಿದವರ, ಬೆರಸಿದವರ ಚರಿತ್ರೆಯನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಹೇಳಬೇಕೆಂದು ನನ್ನ ಎಣಿಕೆ.

ಮೊದಲು ನೆಲದ ಮಾತು. ಈ ಐದರಲ್ಲಿ ನಿಪ್ಪಾಣಿ, ಕಾಗವಾಡಗಳು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದವು. ಅದಕ್ಕೆ ಮೊದಲು ನಿಪ್ಪಾಣಿ ಚಿಕ್ಕೋಡಿಯಲ್ಲಿಯೂ ಕಾಗವಾಡ ಅಥಣಿಯಲ್ಲಿಯೂ ಸೇರಿದ್ದವು. ಪಶ್ಚಿಮಕ್ಕೆ ವೇದಗಂಗಾ, ದೂಧಗಂಗಾ ನದಿಗಳು, ನಡುವೆ ಕೃಷ್ಣೆ, ಪೂರ್ವದ ಕಡೆ ಬೇಸಗೆಯಲ್ಲಿ ಬತ್ತಿಹೋಗುವ ಅಗ್ರಣಿ. ಸಹ್ಯಾದ್ರಿಯ ಮಳೆ ನಿಪ್ಪಾಣಿಯ ಕಡೆಗೆ ತಕ್ಕಮಟ್ಟಿಗೆ ಕೈಚಾಚುತ್ತದೆ. ಅಥಣಿಯ ಮೂಡಣ ಹಳ್ಳಿಗಳನ್ನು ಮುಟ್ಟುವಷ್ಟರಲ್ಲಿ ಅದು ಸೊರಗಿರುತ್ತದೆ. ಒಂದು ಕಡೆ ತಂಬಾಕು, ಕಬ್ಬು. ಇನ್ನೊಂದು ಕಡೆ ಜೋಳ, ಸಜ್ಜೆ. ನದೀತೀರದ ಎರೆಹೊಲಗಳಿಂದ ಒಂದೆರಡು ಹರದಾರಿ ಮೇಲೇರಿದರೆ ಮಡ್ಡಿ ಸಿಗುತ್ತದೆ. ಮಡ್ಡಿಯೆಂದರೆ ನೇಗಿಲು ಊರದ ಕಲ್ಲುನೆಲ. ಮಳೆಗಾಲದಲ್ಲಿ ಮೂರು ತಿಂಗಳು ಹಸಿರು. ಆಮೇಲೆ ಒಣಗಿದ ಕರಡ, ಅದರ ನಡುನಡುವೆ ಜಾಲಿ, ಬಾರಿ, ಬನ್ನಿ, ಬೇವು. ಊರೊಟ್ಟಿನ ಗಾಯರಾಣವೂ ಸಾಮಾನ್ಯವಾಗಿ ಇಂಥ ನೆಲವೇ.

ಈ ಸೀಮೆಯ ರಾಜಕೀಯ ಚರಿತ್ರೆ ತುಂಡು ತುಂಡಾದುದು. ಅಥಣಿ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿದ್ದಿತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿದ್ದಿತು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯರ ಆಳಿಕೆ ನಡೆದಿದ್ದಿತು. ಹಿಂಡುಗಳಿಗೆ ಮಾತ್ರ ಈ ಗಡಿಗಳು ತಿಳಿದಿರಲಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಮರಾಠಿ ಸೀಮೆಯ ಧನಗರರು ಬರುತ್ತಾರೆ. ಅತ್ತ ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಗೆ ನಮ್ಮ ಕುರುಬರು ಹೋಗಿ ಭಂಡಾರದ ಜೊತೆಗೆ ಉಣ್ಣೆಯನ್ನು ತೂರುತ್ತಾರೆ. ದೇವರು, ಬೀಗತನ, ಬೀಜದ ಟಗರು, ಮೂರೂ ಒಂದೇ ದಾರಿಯಲ್ಲಿ ನಡೆದು ಬಂದವು. ಆದುದರಿಂದ ಈ ಕಥೆಯಲ್ಲಿ ಸಾಂಗಲಿ, ಸಾತಾರೆಗಳ ಹೆಸರುಗಳು ಬಂದರೆ ಅಚ್ಚರಿಪಡಬೇಕಾಗಿಲ್ಲ.

ಹಿಂದೆ ಇಲ್ಲಿಯ ದೊಡ್ಡ ಹಿಂಡುಗಳೆಲ್ಲ ಕುರಿಯವು. ಕಪ್ಪು ಅಥವಾ ಕಪ್ಪುಬಿಳುಪಿನ, ಒರಟು ಉಣ್ಣೆಯ, ಗಟ್ಟಿ ಗೊರಸಿನ ದಖ್ಖನಿ ಕುರಿ. ನೂರು ಕುರಿಯ ಹಿಂಡಿನಲ್ಲಿ ಐದಾರು ಆಡುಗಳಿರುವುದು ವಾಡಿಕೆ. ಆಡು ಮುಂದೆ ನಡೆಯುತ್ತದೆ, ಹಿಂಡನ್ನು ಎಳೆದುಕೊಂಡು ಹೋಗುತ್ತದೆ. ಹಟ್ಟಿಯವರ ಚಹಕ್ಕೆ ಹಾಲು ಕೊಡುತ್ತದೆ. ತಾಯಿ ಸತ್ತ ಕುರಿಮರಿಗೆ ಮೊಲೆಯನ್ನೂ ಕೊಡುತ್ತದೆ. ಊರೊಳಗಿನ ಆಡಿನ ಕಥೆ ಬೇರೆ. ಭೂಮಿಯಿಲ್ಲದವರ, ವಿಧವೆಯರ, ಕೂಲಿಯವರ ಮನೆಯ ಮುಂದೆ ಗೂಟಕ್ಕೆ ಕಟ್ಟಿದ ಎರಡು, ಮೂರು, ಹೆಚ್ಚೆಂದರೆ ಐದು ಆಡುಗಳು; ಮುಂಜಾನೆ ಬಿಚ್ಚಿದರೆ ಮಡ್ಡಿಗೆ ಹೋಗಿ ಸಂಜೆಗೆ ತಾವೇ ಮರಳುವಂಥವು. ಕುರಿ ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ; ಆಡು ತಲೆಯೆತ್ತಿ ಎಲೆ, ಕುಡಿ, ಜಾಲಿಕಾಯಿಗಳನ್ನು ಹಿಡಿಯುತ್ತದೆ. ಆದುದರಿಂದಲೇ ಒಂದೇ ಮಡ್ಡಿಯಲ್ಲಿ ಎರಡಕ್ಕೂ ಹೊಟ್ಟೆ ತುಂಬುತ್ತಿತ್ತು. ಆಡಿನ ಈ ತಲೆಯೆತ್ತುವ ಚಟವೇ ಅದಕ್ಕೆ ಕೆಟ್ಟ ಹೆಸರನ್ನೂ ತಂದಿತು. ಅರಣ್ಯ ನಾಶಕ್ಕೆ ಆಡೇ ಕಾರಣವೆಂದು ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳಿಂದ ಮೊದಲುಗೊಂಡು ಅನೇಕರು ದೂರಿದರು. 1987ರಲ್ಲಿ ಸಿ.ಎಚ್. ಹನುಮಂತರಾವ್ ಅವರ ಅಧ್ಯಕ್ಷತೆಯ ಕಾರ್ಯಪಡೆ ಈ ಆರೋಪವನ್ನು ಪರಿಶೀಲಿಸಿದಾಗ ಅದು ನಿಲ್ಲಲಿಲ್ಲ. ಕಾಡನ್ನು ಕಡಿದವರು ಬೇರೆ; ಉಳಿದ ಕುರುಚಲಿನಲ್ಲಿ ಕಣ್ಣಿಗೆ ಬಿದ್ದದ್ದು ಆಡು.

ಈಗ ಹಟ್ಟಿಯವರ ಆಯ್ಕೆಯ ಕ್ರಮವನ್ನು ನೋಡೋಣ. ಸಂತೆಯಲ್ಲಿ ಕೊಳ್ಳುವವನು ಆಡಿನ ಬೆನ್ನ ಮೇಲೆ ಕೈಯಿಟ್ಟು ಸೊಂಟದ ಎಲುಬಿನ ಎರಡೂ ಕಡೆ ಮಾಂಸವನ್ನು ಹಿಚುಕಿ ನೋಡುತ್ತಾನೆ. ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು: ವಯಸ್ಸಿನ ಲೆಕ್ಕವಿಷ್ಟೆ. ಇದು ಕೊಯ್ಯುವ ಪ್ರಾಣಿಯನ್ನು ಆರಿಸುವ ರೀತಿ. ಬೀಜದ ಹೋತನನ್ನು ಆರಿಸುವಾಗ ಬಲ್ಲವನು ಇಷ್ಟಕ್ಕೆ ನಿಲ್ಲುವುದಿಲ್ಲ. ಅವನು ಮರಿಯ ತಾಯಿಯನ್ನು ನೋಡುತ್ತಾನೆ. ಅದು ಅವಳಿ ಈಯಿತೇ? ಎರಡಕ್ಕೂ ಹಾಲು ಸಾಕಾಯಿತೇ? ಬರಗಾಲದ ವರ್ಷ ಮೈಬಿಟ್ಟಿತೇ, ತಡೆದುಕೊಂಡಿತೇ? ಕಾಲು ಕುಂಟಿತೇ? ಬರಹವಿಲ್ಲದ ಈ ಲೆಕ್ಕ ಮೂರು ನಾಲ್ಕು ಪೀಳಿಗೆಗಳ ತನಕ ಹಟ್ಟಿಯವರ ಬಾಯಲ್ಲಿ ಇರುತ್ತದೆ. ನಮ್ಮ ಕಾಲೇಜಿಗೆ ಬರುತ್ತಿದ್ದ ಕುರುಬರ ಹುಡುಗರಿಗೆ ಕವಿಗಳ ಕಾಲದೇಶಗಳು ನೆನಪಿರದಿದ್ದರೂ ಮನೆಯ ಟಗರಿನ ಅಜ್ಜಿಯ ಬಣ್ಣ ನೆನಪಿರುತ್ತಿತ್ತು. ಆಗ ಅದನ್ನು ನಾವು ನಗೆಮಾತೆಂದು ಕೊಂಡಾಡುತ್ತಿದ್ದೆವು. ನಿಜವಾಗಿ ಅದೊಂದು ವಿದ್ಯೆ.

ಇಂಥ ಆಯ್ಕೆಯಿಂದ ಆದುದೇ ಉಸ್ಮಾನಾಬಾದಿ ಆಡು. ಅದರ ತವರು ತುಳಜಾಪುರ, ಲಾತೂರು, ಉದಗೀರಗಳ ಬೆಂಗಾಡು. ಅಲ್ಲಿಂದ ಅದು ಬೀದರ, ಕಲಬುರ್ಗಿ, ವಿಜಯಪುರಗಳ ಕಡೆಗೂ ನಮ್ಮ ಕೃಷ್ಣೆಯ ದಂಡೆಗೂ ಹಬ್ಬಿತು. ಹೆಚ್ಚಿನವು ಅಚ್ಚ ಕಪ್ಪು. ಕೆಲವಕ್ಕೆ ಕಿವಿಯಲ್ಲಿ ಬಿಳಿಯ ಚುಕ್ಕೆ. ಉದ್ದ ಕಾಲು, ನಡೆಯುವುದರಲ್ಲಿ ಗಟ್ಟಿ. ಬೆಳೆದ ಹೆಣ್ಣು 30 ಕಿಲೋದ ಆಚೀಚೆ ತೂಗುತ್ತದೆ. ಗರ್ಭಕಾಲ ಐದು ತಿಂಗಳು; ಮೇವು ಕೈಕೊಡದಿದ್ದರೆ ಎರಡು ವರ್ಷಕ್ಕೆ ಮೂರು ಸಲ ಈಯುವುದೂ ಉಂಟು; ಅವಳಿ ಸಾಮಾನ್ಯ. ಹೈದರಾಬಾದಿನ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರಿಂದ ಜಿಲ್ಲೆಗೆ ಹೆಸರು ಬಂದಿತು, ಜಿಲ್ಲೆಯಿಂದ ಆಡಿಗೆ ಬಂದಿತು. 2023ರಲ್ಲಿ ಜಿಲ್ಲೆ ಧಾರಾಶಿವವಾಯಿತು. ಆಡು ಮಾತ್ರ ತನ್ನ ನಿಜಾಮಶಾಹಿ ಹೆಸರನ್ನು ಇನ್ನೂ ಹೊತ್ತುಕೊಂಡು ತಿರುಗುತ್ತಿದೆ.

ತಳಿ ಸುಧಾರಣೆಯೆಂದು ಸರಕಾರ ಮೊದಲು ಕೈಹಾಕಿದ್ದು ಆಡಿಗಲ್ಲ, ಕುರಿಗೆ. ಅದೂ ಮಾಂಸಕ್ಕಲ್ಲ, ಉಣ್ಣೆಗೆ. ಈ ಅಧ್ಯಾಯವನ್ನು ಬಿಟ್ಟರೆ ಮುಂದಿನದು ತಿಳಿಯಲಾರದು. ಮೆರಿನೋ ಎಂಬ ಸ್ಪೇನ್ ದೇಶದ ಕುರಿಯ ನಯವಾದ ಉಣ್ಣೆಗೆ ಯುರೋಪೆಲ್ಲ ಮರುಳಾಗಿದ್ದ ಕಾಲವೊಂದಿತ್ತು. ಫ್ರಾನ್ಸಿನ ಹದಿನಾರನೆಯ ಲೂಯಿ 1786ರಲ್ಲಿ ಅದನ್ನು ತರಿಸಿ ರ‍್ಯಾಂಬುಯೆ ಎಂಬಲ್ಲಿ ಸಾಕಿದನು. ಅದರಿಂದ ಆ ಹೆಸರಿನ ತಳಿಯೇ ಹುಟ್ಟಿತು. ಸ್ವಾತಂತ್ರ್ಯಾನಂತರ, 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಆ ಕಾಲದಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಸರಕಾರಿ ಕ್ಷೇತ್ರಗಳಲ್ಲಿ ದಖ್ಖನಿ ಕುರಿಗೆ ಮೆರಿನೋ, ರ‍್ಯಾಂಬುಯೆ ಟಗರುಗಳನ್ನು ಕೂಡಿಸಿದರು. ಕ್ಷೇತ್ರದ ಬೇಲಿಯೊಳಗೆ ಉಣ್ಣೆ ನಯವಾದುದು ನಿಜ. ಬೇಲಿಯ ಹೊರಗೆ ಏನಾಯಿತು? ನಮ್ಮ ಕಂಬಳಿಗೆ ಬೇಕಾದುದು ಬಣ್ಣ ಹಾಕದ ಕಪ್ಪು ಉಣ್ಣೆ, ಬಂದದ್ದು ಬಿಳಿಯುಣ್ಣೆ. ಕಂಬಳಿ ಮಳೆಯನ್ನು ತಡೆಯುವುದು ತನ್ನ ಒರಟುತನದಿಂದ. ಆ ಒರಟುತನವನ್ನೇ ತೆಗೆಯಲು ಹೊರಟರು. ಒತ್ತಾದ ಉಣ್ಣೆಯೊಳಗೆ ಕರಡದ ಮುಳ್ಳು ಹೊಕ್ಕು ಚರ್ಮವನ್ನು ಚುಚ್ಚಿತು. ಹೊರದೇಶದ ರಕ್ತ ಬೆರೆತ ಕುರಿಗಳಿಗೆ ನೀಲಿನಾಲಿಗೆ ರೋಗವೂ ಹೆಚ್ಚು ತೀವ್ರವಾಗಿ ಬಡಿಯಿತು. ಅವಕ್ಕೆ ವರ್ಷದಲ್ಲಿ ಎಂಟು ತಿಂಗಳು ಅಲೆಯುವ ಕಾಲೂ ಇರಲಿಲ್ಲ. ತಪ್ಪಿದ್ದುದು ವಿಜ್ಞಾನದಲ್ಲಿ ಅಲ್ಲವೆಂದೇ ಹೇಳಬೇಕು. ಕಂಬಳಿ ನೇಯುವವನನ್ನೂ ಮಡ್ಡಿಯನ್ನೂ ಯಾರೂ ಮೊದಲು ಕೇಳಿರಲಿಲ್ಲ.

ಅಷ್ಟರಲ್ಲಿ ಕಂಬಳಿಯ ಕಾಲವೇ ಕಳೆಯುತ್ತ ಬಂದಿತು. ಸೈನ್ಯಕ್ಕೆ ಹೋಗುತ್ತಿದ್ದ ದಖ್ಖನಿ ಕಂಬಳಿಯ ಬೇಡಿಕೆ ಕುಸಿದು, ಗಿರಣಿಯ ಅಗ್ಗದ ಹೊದಿಕೆಗಳು ಸಂತೆಗೆ ಬಂದ ಮೇಲೆ, ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಯನ್ನು ಮೀರಿತು. ಕುರುಬನು ಲೆಕ್ಕ ಬದಲಿಸಿದನು. ಇನ್ನು ಬೆಲೆಯಿರುವುದು ಮಾಂಸಕ್ಕೆ. ಈ ತಿರುವನ್ನು ಯಾವ ಇಲಾಖೆಯೂ ಮಾಡಿಸಲಿಲ್ಲ; ಹಿಂಡಿನವರೇ ತಮ್ಮ ಬುದ್ಧಿಯಿಂದ ಮಾಡಿದರು. ಅಥಣಿಗೆ ಹೊಂದಿಕೊಂಡ ಜತ್ತ ತಾಲೂಕಿನಲ್ಲಿ ಮಾಡಗ್ಯಾಳ ಎಂಬ ಊರಿದೆ. ರಾಜ್ಯ ಮಹಾರಾಷ್ಟ್ರವಾದರೂ ಆ ಭಾಗದ ಮನೆಮಾತು ಕನ್ನಡ. ಅಲ್ಲಿಯ ಕುರಿ ಎತ್ತರವಾದುದು, ಗಿಳಿಮೂಗಿನದು, ಬಿಳಿಯ ಮೈಮೇಲೆ ಕಂದು ಮಚ್ಚೆಗಳುಳ್ಳದ್ದು, ಉಣ್ಣೆ ತೀರ ಕಡಿಮೆ. ಅದರ ಟಗರು ನಮ್ಮ ಅಥಣಿ, ಕಾಗವಾಡಗಳ ಹಿಂಡುಗಳಿಗೆ ಇಳಿದು ಬಂದಿತು. ಮರಿ ಬೇಗ ತೂಕ ಹಿಡಿಯುತ್ತದೆಂಬುದೇ ಕಾರಣ. ಕಾಲಕ್ರಮದಲ್ಲಿ ಮೂಗಿನ ಬಾಗಿಗೂ ಬೆಲೆ ಬಂದು, ಅದು ಶೋಕಿಯ ಮಟ್ಟ ಮುಟ್ಟಿತು. 2020ರ ಡಿಸೆಂಬರಿನಲ್ಲಿ ಸಾಂಗಲಿ ಜಿಲ್ಲೆಯ ಆಟಪಾಡಿಯ ಜಾತ್ರೆಯಲ್ಲಿ ಒಂದು ಮಾಡಗ್ಯಾಳ ಟಗರಿಗೆ 70 ಲಕ್ಷ ರೂಪಾಯಿ ಬೆಲೆ ಕೇಳಿದರೂ ಒಡೆಯನು ಕೊಡಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಮೂಗಿಗೆ ಕೊಡುವ ಹಣ ತೊಡೆಯ ಮಾಂಸಕ್ಕೆ ಬಂದೀತೇ ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ.

ಮಾಂಸದ ಬೇಡಿಕೆಗೆ ಈ ಸೀಮೆಯ ನೆರೆಹೊರೆಯೇ ಸಾಕು. ಕೊಲ್ಹಾಪುರದವರ ಮಟನ್ನಿನ ಪ್ರೀತಿ ಲೋಕಪ್ರಸಿದ್ಧ. 2019ರ ಕೊನೆಯಲ್ಲಿ ಅಲ್ಲಿ ಮಟನ್ ದರ ಏರಿತೆಂದು ಜನ ಚಳವಳಿಯನ್ನೇ ಹೂಡಿದರು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ನಿಪ್ಪಾಣಿಯಿಂದ ಆಡು ತುಂಬಿದ ಲಾರಿಗೆ ಮುಂಬಯಿ ಒಂದು ರಾತ್ರಿಯ ದಾರಿ. ಚರ್ಮದ ಬೆಲೆಯೂ ಇದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳು ಮಾಡುವ ಚಪ್ಪಲಿಯೇ ಪೇಟೆಯಲ್ಲಿ ಕೊಲ್ಹಾಪುರಿಯೆನಿಸಿಕೊಳ್ಳುವುದು. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಆ ಚಪ್ಪಲಿಯ ಅಟ್ಟೆಗೆ ಎಮ್ಮೆಯ ತೊಗಲು, ಹೆಣಿಗೆಗೆ ಆಡಿನ ತೊಗಲು.

ಇಂಥ ಪೇಟೆಯಿದ್ದಾಗ ದೊಡ್ಡ ಮೈಯ ಆಡು ಬೇಕೆಂಬ ಆಸೆ ಹುಟ್ಟುವುದು ಸಹಜ. ಜಮುನಾಪಾರಿ, ಬೀಟಲ್, ಶಿರೋಹಿ, ಸೋಜತ್ ಎಂದು ಉತ್ತರದೇಶದ ಆಡುಗಳನ್ನು ವ್ಯಾಪಾರಿಗಳು ಒಂದರ ಹಿಂದೊಂದು ತಂದರು. ಇವುಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕಟ್ಟಿ ಮೇಯಿಸುವವರಿಗೆ ಒಗ್ಗಿದವು, ಮಡ್ಡಿಗೆ ಬಿಟ್ಟವರಿಗೆ ಒಗ್ಗಲಿಲ್ಲ. ಚರಿತ್ರೆಯ ದೃಷ್ಟಿಯಿಂದ ನಿಂತು ನೋಡಬೇಕಾದುದು ಬೋಯರ್ ಆಡನ್ನು.

ಬೋಯರ್ ಎಂದರೆ ಡಚ್ ಭಾಷೆಯಲ್ಲಿ ರೈತ. ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಸೀಮೆಯ ಕುರುಚಲು ಬಯಲಿನಲ್ಲಿ ನೆಲೆಸಿದ ಡಚ್ ಮೂಲದ ರೈತರು ಅಲ್ಲಿಯ ಮೂಲನಿವಾಸಿಗಳು ಸಾಕುತ್ತಿದ್ದ ಆಡುಗಳನ್ನೇ ಹಿಡಿದು ಆರಿಸುತ್ತ ಬಂದರು. ಅವುಗಳಲ್ಲಿ ಯುರೋಪಿನ, ಭಾರತದ ಆಡುಗಳ ರಕ್ತವೂ ಅಲ್ಪಸ್ವಲ್ಪ ಸೇರಿದ್ದಿತೆಂದು ಬಲ್ಲವರು ಊಹಿಸುತ್ತಾರೆ. ಗಿಡ್ಡ ಕೂದಲು, ಅಗಲ ಎದೆ, ತುಂಬಿದ ತೊಡೆ, ಬಿಳಿಯ ಮೈ, ಕೆಂಗಂದು ತಲೆ: ಇವಿಷ್ಟನ್ನೂ ಹಲವು ಪೀಳಿಗೆ ಬಿಡದೆ ಅರಸಿ, 1959ರಲ್ಲಿ ಸಾಕುವವರೇ ಒಂದು ಸಂಘ ಕಟ್ಟಿ ತಳಿಗೆ ಲಕ್ಷಣಗಳನ್ನು ಬರೆದಿಟ್ಟರು. ಒಳ್ಳೆಯ ಮೇವಿನಲ್ಲಿ ಹೆಣ್ಣು 90 ಕಿಲೋ, ಹೋತ 110 ಕಿಲೋ ಮೀರುತ್ತದೆ. ಇಲ್ಲಿ ನಾನು ಗಮನಿಸಬೇಕೆನ್ನುವ ಸಂಗತಿ ತೂಕವಲ್ಲ. ಆ ರೈತರು ಹೊರಗಿನಿಂದ ರಾಜವಂಶದ ಆಡನ್ನು ತರಿಸಲಿಲ್ಲ. ತಮ್ಮ ಬಯಲಿನಲ್ಲಿ ಬದುಕಿದ ಆಡಿನಲ್ಲಿಯೇ ಉತ್ತಮವಾದುದನ್ನು ಉಳಿಸಿಕೊಂಡು ಉಳಿದುದನ್ನು ಕೊಯ್ದರು. ಜಗತ್ತು ಕೊಂಡುಕೊಂಡದ್ದು ಅವರ ಆಡನ್ನು. ಅವರ ಕ್ರಮವನ್ನು ಕೊಂಡವರು ಕಡಿಮೆ.

ಬೋಯರ್ ಆಡು ನಮ್ಮ ನೆರೆಗೆ ಬಂದುದು ಸಾತಾರೆ ಜಿಲ್ಲೆಯ ಫಲಟಣದ ಮೂಲಕ. ಅಲ್ಲಿ ಬಿ.ವಿ. ನಿಂಬಕರ ಅವರು 1968ರಲ್ಲಿ ಒಂದು ಖಾಸಗಿ ಕೃಷಿ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. (ಫಲಟಣದ ಸಂಸ್ಥಾನಿಕರೂ ನಿಪ್ಪಾಣಿಯ ದೇಸಾಯರೂ ನಿಂಬಾಳಕರರು, ನಿಂಬಕರ ಎಂಬ ಮನೆತನ ಬೇರೆ. ಹೆಸರುಗಳನ್ನು ಕಲಸಿಕೊಳ್ಳುವವರಿಗಾಗಿ ಈ ಮಾತು.) 1990ರ ದಶಕದಲ್ಲಿ ಆ ಸಂಸ್ಥೆ ಆಸ್ಟ್ರೇಲಿಯದಿಂದ ಬೋಯರ್ ಆಡಿನ ಶೈತ್ಯೀಕರಿಸಿದ ಭ್ರೂಣಗಳನ್ನು ತರಿಸಿ, ಇಲ್ಲಿಯ ಆಡುಗಳ ಗರ್ಭದಲ್ಲಿಟ್ಟು ಮರಿ ಪಡೆಯಿತು. ಆ ಮೇಲೆ ಹೋತಗಳೂ ಶೈತ್ಯೀಕರಿಸಿದ ವೀರ್ಯವೂ ಸುತ್ತಲಿನ ಜಿಲ್ಲೆಗಳಿಗೆ ಹರಡಿದವು; ಕೃಷ್ಣೆಯ ಈಚೆಗೂ ಬಂದವು.

ಉಸ್ಮಾನಾಬಾದಿ ಹೆಣ್ಣಿಗೆ ಬೋಯರ್ ಹೋತನನ್ನು ಕೂಡಿಸಿದರೆ ಏನಾಗುತ್ತದೆ? ಮೊದಲ ಪೀಳಿಗೆಯ ಮರಿ ನಿಜವಾಗಿಯೂ ಚೆನ್ನಾಗಿರುತ್ತದೆ. ತಾಯಿಯಿಂದ ತಾಳಿಕೆ, ತಂದೆಯಿಂದ ಬೆಳವಣಿಗೆ, ಮೇಲೆ ದೂರದ ಎರಡು ರಕ್ತಗಳು ಕೂಡಿದಾಗ ಬರುವ ಕಸುವು. ಆ ಮರಿ ದೇಸಿ ಮರಿಗಿಂತ ಬೇಗ ತೂಕ ಹಿಡಿಯುತ್ತದೆ. ಇಷ್ಟನ್ನು ನೋಡಿದ ರೈತ ಮಿಶ್ರತಳಿಯ ಹೆಣ್ಣುಮರಿಯನ್ನು ಉಳಿಸಿಕೊಂಡು ಅದಕ್ಕೂ ಬೋಯರ್ ಹೋತನನ್ನೇ ಬಿಡುತ್ತಾನೆ. ಮುಂದಿನ ಮರಿಯಲ್ಲಿ ನಾಲ್ಕರಲ್ಲಿ ಮೂರು ಪಾಲು, ಅದರ ಮುಂದಿನದರಲ್ಲಿ ಎಂಟರಲ್ಲಿ ಏಳು ಪಾಲು ಬೋಯರ್. ಆಗ ಮಡ್ಡಿ ತನ್ನ ಲೆಕ್ಕವನ್ನು ಕೇಳುತ್ತದೆ. ಆಡಿಗೆ ದಿನಕ್ಕೆ ತನ್ನ ಮೈತೂಕದ ನೂರಕ್ಕೆ ಮೂರು ನಾಲ್ಕರಷ್ಟು ಒಣಮೇವು ಬೇಕು. 30 ಕಿಲೋದ ಉಸ್ಮಾನಾಬಾದಿ ಒಂದು ಕಿಲೋದಲ್ಲಿ ಬದುಕಿ ಮರಿಗೂ ಹಾಲು ಕೊಡುತ್ತದೆ. 90 ಕಿಲೋದ ತಾಯಿಗೆ ಮೂರು ಕಿಲೋ ಬೇಕು. ಚೈತ್ರ ವೈಶಾಖದ ಅಥಣಿಯ ಮಡ್ಡಿಯಲ್ಲಿ ಒಂದು ಆಡು ಮೂರು ಕಿಲೋ ಮೇವನ್ನು ಎಲ್ಲಿಂದ ಹುಡುಕೀತು? ಮೈದುಂಬದ ದೊಡ್ಡ ಆಡು ಮೈದುಂಬಿದ ಸಣ್ಣ ಆಡಿಗಿಂತ ಕೀಳು. ಅದು ತಡವಾಗಿ ಬೆದೆಗೆ ಬರುತ್ತದೆ, ಬಡ ಹಾಲು ಕೊಡುತ್ತದೆ, ಮರಿ ಸಾಯುತ್ತದೆ.

ಇದನ್ನು ಅರಿತವರು ಮಿಶ್ರತಳಿಯ ಮರಿಗಳನ್ನು, ಗಂಡು ಹೆಣ್ಣೆನ್ನದೆ, ಮಾಂಸಕ್ಕೆ ಮಾರಿ, ಹಿಂಡಿನ ತಾಯಂದಿರನ್ನು ಅಪ್ಪಟ ಉಸ್ಮಾನಾಬಾದಿಯಲ್ಲಿಯೇ ಇಡಬೇಕೆನ್ನುತ್ತಾರೆ. ಮಾತು ಸರಿ. ಆದರೆ ಇದರೊಳಗೊಂದು ತೊಡಕಿದೆ. ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಪ್ರತಿವರ್ಷ ಮೊದಲ ಪೀಳಿಗೆಯ ಮರಿ ಬೇಕಾದರೆ ಪ್ರತಿವರ್ಷ ಅಪ್ಪಟ ತಾಯಿ ಬೇಕು. ಅಪ್ಪಟ ತಾಯಿ ಹುಟ್ಟಬೇಕಾದರೆ ಯಾರೋ ಒಬ್ಬರು ಬೋಯರ್ ಹೋತನ ಆಸೆ ಬಿಟ್ಟು ಉಸ್ಮಾನಾಬಾದಿ ಹೆಣ್ಣಿಗೆ ಉಸ್ಮಾನಾಬಾದಿ ಹೋತನನ್ನೇ ಬಿಡಬೇಕು. ಆ ಒಬ್ಬರು ಯಾರು? ಲಾಭ ಸಂಕರ ಮಾಡಿದವನಿಗೆ, ಮೂಲವನ್ನು ಕಾಯುವ ಹೊರೆ ಇನ್ನೊಬ್ಬನಿಗೆ. ಕಾಯುವವನಿಗೆ ಬೆಲೆ ಸಿಗದಿದ್ದರೆ ಅವನೂ ಕಾಯುವುದನ್ನು ಬಿಡುತ್ತಾನೆ. ಹಾಗೆ ಎಲ್ಲರೂ ಬಿಟ್ಟ ದಿನ ಬೋಯರ್ ಹೋತನಿಗೆ ಕೂಡಿಸಲು ಹೆಣ್ಣೇ ಇರುವುದಿಲ್ಲ.

ಫಲಟಣದ ಸಂಸ್ಥೆಯೇ ಮಾಡಿದ ಇನ್ನೊಂದು ಕೆಲಸ ಈ ತೊಡಕಿಗೆ ಬೇರೊಂದು ದಾರಿಯನ್ನು ತೋರಿಸಿತು. ಅದು ಕುರಿಯ ಮೇಲಿನ ಪ್ರಯೋಗ; ಆದರೂ ಆಡಿನವರು ತಿಳಿಯತಕ್ಕದ್ದು. ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಈಯುತ್ತದೆ. ಬಂಗಾಲದ ಸುಂದರಬನದಲ್ಲಿ ಗರೋಲ್ ಎಂಬ ಗಿಡ್ಡ ಕುರಿಯಿದೆ. ಮೈಯಲ್ಲಿ ದಖ್ಖನಿಯ ಅರ್ಧದಷ್ಟಿದ್ದರೂ ಅವಳಿ, ತ್ರಿವಳಿ ಈಯುತ್ತದೆ. 1792 ಮತ್ತು 1793ರಲ್ಲಿ ಬಂಗಾಲದ ಕುರಿಗಳು ಹಡಗೇರಿ ಆಸ್ಟ್ರೇಲಿಯಕ್ಕೆ ಹೋದವು. ಮುಂದೆ ಸುಮಾರು ಒಂದೂವರೆ ಶತಮಾನದ ಮೇಲೆ ಅಲ್ಲಿಯ ಬೂರೂಲಾ ಎಂಬ ಹೊಲಮನೆಯ ಮೆರಿನೋ ಕುರಿಗಳು ಹಲವು ಮರಿ ಈಯುವುದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿತು. ಅದರ ಮೂಲ ಬಂಗಾಲದ ಕುರಿಯಿರಬೇಕೆಂದು ಹೆಲೆನ್ ನ್ಯೂಟನ್ ಟರ್ನರ್ ಎಂಬ ವಿದುಷಿ ತರ್ಕಿಸಿದರು. 2001ರಲ್ಲಿ ಆ ಗುಣಕ್ಕೆ ಕಾರಣವಾದ ಜೀನ್ ಪತ್ತೆಯಾಯಿತು; ಗರೋಲ್ ಕುರಿಯಲ್ಲಿಯೂ ಅದೇ ಇದ್ದಿತು. ಫಲಟಣದಲ್ಲಿ ಗರೋಲ್ ಟಗರನ್ನು ದಖ್ಖನಿಗೆ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಈ ಒಂದು ಜೀನ್ ಇದ್ದವನ್ನು ರಕ್ತಪರೀಕ್ಷೆಯಿಂದ ಆರಿಸಿ, ಮತ್ತೆ ಮತ್ತೆ ದಖ್ಖನಿಗೇ ತಿರುಗಿಸಿದರು. ಕೊನೆಗೆ ಉಳಿದದ್ದು ದಖ್ಖನಿಯ ಮೈ, ದಖ್ಖನಿಯ ಕಾಲು. ಬಂಗಾಲದಿಂದ ಬಂದುದು ಆ ಒಂದು ಗುಣ ಮಾತ್ರ. ನಾರಿ ಸುವರ್ಣ ಎಂದು ಅದಕ್ಕೆ ಹೆಸರು. ಒಂದು ಪಾಲು ಜೀನ್ ಇರುವ ಕುರಿ ಒಂದು ಈತಕ್ಕೆ ಸರಾಸರಿ ಒಂದೂವರೆ ಮರಿ ಕೊಡುತ್ತದೆ. ಮಡ್ಡಿಯಲ್ಲಿ ಮೂರು ಮರಿ ಸಾಕಲು ಆ ತಾಯಿಗೆ ಹಾಲಿರುವುದಿಲ್ಲ. ಒಂದೂವರೆಯೆಂಬುದು ಮೇವಿಗೆ ತಕ್ಕ ಲೆಕ್ಕ.

ಆಡಿನ ವಿಷಯದಲ್ಲಿ ಇಂಥ ಹೊರಗಿನ ಜೀನಿನ ಹಂಗೂ ಬೇಕಾಗಿಲ್ಲ. ಉಸ್ಮಾನಾಬಾದಿ ಹುಟ್ಟಾ ಅವಳಿ ಈಯುವ ಆಡು. ಬೇಕಾದುದು ಆಯ್ಕೆ. ಆ ಆಯ್ಕೆ ಹದಗೆಟ್ಟಿರುವುದು ಎರಡು ಕಾರಣಗಳಿಂದ.

ಮೊದಲನೆಯದು ಮಡ್ಡಿ ಕರಗಿದ್ದು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾಯಿತು. ಆಮೇಲೆ ಈ ಸೀಮೆಯಲ್ಲಿ ಒಂದಾದ ಮೇಲೊಂದು ಕಾರಖಾನೆಗಳೆದ್ದವು. ಹಿಡಕಲ್ ಅಣೆಕಟ್ಟಿನ ಕಾಲುವೆ ರಾಯಬಾಗದ ಹೊಲಗಳಿಗೆ ನೀರು ತಂದಿತು. ಏತ ನೀರಾವರಿ ಕೃಷ್ಣೆಯ ನೀರನ್ನು ದಿಬ್ಬಕ್ಕೇರಿಸಿತು. ಕಬ್ಬು ಬಂದುದನ್ನು ನಾನು ಹಳಿಯುತ್ತಿಲ್ಲ. ಅದರಿಂದ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಆದರೆ ಸುಗ್ಗಿಯ ನಂತರ ಜೋಳದ ಕೂಳೆ ಹೊಲದಲ್ಲಿ ಕುರಿ ತರುಬಿಸಿ, ಹಿಕ್ಕೆಯ ಗೊಬ್ಬರಕ್ಕೆ ಕಾಳು ಅಳೆದುಕೊಡುತ್ತಿದ್ದ ಒಕ್ಕಲಿಗನು ಈಗ ಬೇಲಿ ಹಾಕಿದ್ದಾನೆ. ಗಾಯರಾಣದಲ್ಲಿ ಮನೆಗಳೂ ಕಚೇರಿಗಳೂ ಬಂದಿವೆ. 2019ರ ಆಗಸ್ಟಿನ ಪ್ರವಾಹದಲ್ಲಿ ನದೀತೀರದ ಜನ ದನಕರುಗಳೊಡನೆ ಎತ್ತರದ ನೆಲಕ್ಕೆ ಓಡಿದಾಗ, ಆ ಎತ್ತರದ ನೆಲವೂ ಎಷ್ಟು ಇಕ್ಕಟ್ಟಾಗಿದೆಯೆಂಬುದು ಎಲ್ಲರಿಗೂ ಕಂಡಿತು. ಮಡ್ಡಿಯಿಲ್ಲದ ಆಡು ಗೂಟದ ಆಡಾಗುತ್ತದೆ. ಗೂಟದ ಆಡಿಗೆ ಮೇವು ತರುವವನು ದೊಡ್ಡ ಮೈಯ ತಳಿಯನ್ನೇ ಕೇಳುತ್ತಾನೆ, ತನ್ನ ಮಟ್ಟಿಗೆ ಅದು ಸರಿಯಾಗಿಯೂ ಇರಬಹುದು. ಆದರೆ ಮೇವು ತರುವ ಶಕ್ತಿಯಿಲ್ಲದ ಬಡಹೆಂಗಸಿನ ಎರಡು ಆಡುಗಳಿಗೂ ಊರಿನಲ್ಲಿ ಅವನ ಹೋತನೇ ಗತಿಯಾಗುತ್ತಾನೆ. ಏಕೆಂದರೆ ಎರಡು ಆಡು ಸಾಕುವವರು ಸ್ವಂತದ ಹೋತನನ್ನು ಸಾಕಲಾರರು.

ಎರಡನೆಯ ಕಾರಣ ಇನ್ನೂ ಹಳೆಯದು, ಇನ್ನೂ ಮರುಕಗೊಳ್ಳಬೇಕಾದುದು. ಒಂದೇ ತಿಂಗಳಲ್ಲಿ ಹುಟ್ಟಿದ ಹತ್ತು ಗಂಡುಮರಿಗಳಲ್ಲಿ ಯಾವುದು ಎಲ್ಲಕ್ಕಿಂತ ಬೇಗ ಬೆಳೆಯುತ್ತದೆಯೋ ಅದನ್ನು ವ್ಯಾಪಾರಿ ಎಲ್ಲಕ್ಕಿಂತ ಮೊದಲು ಒಯ್ಯುತ್ತಾನೆ. ಬಕ್ರೀದಿಗೆ, ಜಾತ್ರೆಗೆ, ಹರಕೆಗೆ ಹೋಗುವುದು ಮೈಕೈ ತುಂಬಿದ, ಊನವಿಲ್ಲದ ಮರಿಯೇ. ಕೊನೆಯ ತನಕ ಉಳಿಯುವುದು ಯಾರೂ ಕೊಳ್ಳದ ಸೊರಕಲು ಮರಿ. ಹೆಣ್ಣುಗಳು ಬೆದೆಗೆ ಬಂದಾಗ ಊರಿನಲ್ಲಿರುವ ಗಂಡು ಅದೊಂದೇ. ಹೀಗೆ ಪ್ರತಿವರ್ಷವೂ ಉತ್ತಮವಾದುದು ಕಟುಕನ ಪಾಲು, ಅಧಮವಾದುದು ಬೀಜದ ಪಾಲು. ಹಟ್ಟಿಯ ದೊಡ್ಡ ಕುರುಬನು ಬೀಜದ ಗಂಡನ್ನು ಮಾರದೆ ಕಟ್ಟಿಕೊಳ್ಳಬಲ್ಲನು. ಅವನಿಗೆ ನೂರು ಹೆಣ್ಣುಗಳಿವೆ. ಎರಡು ಆಡಿನ ಒಡತಿಗೆ ಆ ಮರಿಯೇ ಮಗಳ ಪುಸ್ತಕ, ಮನೆಯ ಹಂಚು. ದೇಸಿ ತಳಿ ಕಿರಿದಾಯಿತು, ಬೆಳವಣಿಗೆ ತಗ್ಗಿತು ಎಂದು ದೂರಿ ಬೋಯರ್ ತರುವವರು ಈ ಸಂಗತಿಯನ್ನು ಗಮನಿಸಬೇಕು. ತಳಿಯ ದೋಷವೆಂದು ಅವರೆಣಿಸಿದುದರಲ್ಲಿ ಬಹುಪಾಲು ಈ ತಲೆಕೆಳಗಾದ ಆಯ್ಕೆಯ ಫಲ.

ಆಡಿನ ಸುಧಾರಣೆಗಾಗಿ 1971ರಲ್ಲಿ ಆರಂಭವಾದ ಅಖಿಲ ಭಾರತ ಯೋಜನೆಯ ಒಂದು ಘಟಕ ಈಗ ಉಸ್ಮಾನಾಬಾದಿಗಾಗಿ ಫಲಟಣದಲ್ಲಿಯೇ ಕೆಲಸ ಮಾಡುತ್ತ ಬಂದಿದೆ. ಅದರ ಕೆಲಸ ಊರೂರಿನ ಆಡುಗಳಲ್ಲಿಯೇ ನಡೆಯತಕ್ಕದ್ದು. ಮರಿಗಳ ಕಿವಿಗೆ ಬಿಲ್ಲೆ ಹಾಕುವುದು, ಗೊತ್ತಾದ ವಯಸ್ಸಿನಲ್ಲಿ ತೂಗುವುದು, ತಾಯಿಯ ಈತ ಹಾಲುಗಳನ್ನು ಬರೆದಿಡುವುದು. ಉತ್ತಮ ಗಂಡುಮರಿಯನ್ನು ವ್ಯಾಪಾರಿಯ ಕೈಗೆ ಬೀಳುವ ಮೊದಲೇ ಕೊಂಡು, ಬೆಳೆಸಿ, ಇನ್ನೊಂದು ಊರಿಗೆ ಬೀಜದ ಹೋತನಾಗಿ ಕೊಡುವುದು. ಅದೇ ಊರಿಗೆ ಮರಳಿಸಿದರೆ ತನ್ನ ಅಕ್ಕತಂಗಿಯರನ್ನೇ ಕೂಡೀತೆಂಬ ಎಚ್ಚರ. ಹಟ್ಟಿಯ ಹಿರಿಯನು ಬಾಯಲ್ಲಿ ಇಟ್ಟುಕೊಂಡಿದ್ದ ಲೆಕ್ಕವನ್ನೇ ಇವರು ಕಾಗದಕ್ಕೆ ಇಳಿಸಿದ್ದಾರೆ. ರಾಯಬಾಗ ತಾಲೂಕಿನ ಸುಟ್ಟಟ್ಟಿಯಲ್ಲಿ ನಮ್ಮ ಸರಕಾರದ ಕುರಿ ಸಂವರ್ಧನ ಕೇಂದ್ರವಿದೆ. ಅಥಣಿಯ ಮೂಡಣ ಹಳ್ಳಿಗಳಲ್ಲಿ ಇನ್ನೂ ಅಪ್ಪಟ ಕಪ್ಪು ಹೆಣ್ಣಾಡುಗಳಿವೆ. ಈ ಐದು ತಾಲೂಕುಗಳಲ್ಲಿ ಅಂಥ ಕೆಲಸವನ್ನು ಹೂಡಲು ಹಡಗಿನಲ್ಲಿ ಏನನ್ನೂ ತರಿಸಬೇಕಾದುದಿಲ್ಲ. ಬಕ್ರೀದಿಗೆ ಒಂದು ತಿಂಗಳು ಮೊದಲು ಸಂತೆಗೆ ಹೋಗಿ, ಮುಂಬಯಿಯ ವ್ಯಾಪಾರಿ ಕೇಳುವ ಬೆಲೆಯನ್ನೇ ಕೊಟ್ಟು, ಪ್ರತಿಯೊಂದು ಊರಿನ ಮೊದಲನೆಯ ಮರಿಯನ್ನು ಬಿಡಿಸಿಕೊಂಡು ಬರಬೇಕು.